ಗೆರೆ ಮುಟ್ಟುವಷ್ಟು ಉಗುಳು

ಹಾಲಿನ ಟ್ಯಾಂಕರ್ ಓಡಿಸುವ ಮಗ ಡಿಪೋದಿಂದ ತಂದ ಪ್ಲಾಸ್ಟಿಕ್ ಕೊಳವೆ ಕಿರುಬೆರಳಿನಷ್ಟು ಉದ್ದವಿತ್ತು. ಅದನ್ನು ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಪಕ್ಕದಲ್ಲಿ ನಿಲ್ಲಿಸಿ, ಮನೆಯವರೆಲ್ಲ ಅದನ್ನೇ ನೋಡುತ್ತ ಕೂತರು. ಅದರ ಮೈಮೇಲೊಂದು ನೀಲಿ ಗೆರೆ. ಬೆಳಿಗ್ಗೆ ಎದ್ದು ಬಾಯಿ ತೊಳೆಯುವ ಮೊದಲು ಆ ಗೆರೆ ಮುಟ್ಟುವಷ್ಟು ಉಗುಳು ತುಂಬಿ ತರಬೇಕು, ನೊರೆ ಲೆಕ್ಕಕ್ಕಿಲ್ಲ ಎಂದು ಕಂಪನಿಯ ನರ್ಸ್ ಹೇಳಿಕೊಟ್ಟಿದ್ದಳು. ಸೂಜಿ ಚುಚ್ಚುವುದಿಲ್ಲ, ರಕ್ತ ತೆಗೆಯುವುದಿಲ್ಲ. ಬಾಯಿಯ ಕ್ಯಾನ್ಸರ್ ಆಗಲಿ ಸಕ್ಕರೆ ಕಾಯಿಲೆಯಾಗಲಿ ಕಣ್ಣಿಗೆ ಬೀಳುವ ಮೊದಲೇ ಉಗುಳಿನಲ್ಲಿ ಸುಳಿವು ಕೊಡುತ್ತವಂತೆ, ಬೇಗ ಗೊತ್ತಾದರೆ ಬೇಗ ವಾಸಿಯಂತೆ. ಒಳ್ಳೆಯ ಮಾತೇ. ಆದರೆ ಯಾರ ಉಗುಳಿನಲ್ಲಿ ಸುಳಿವು ಕಂಡಿತೋ ಅವರು ವಾಸಿಯಾಗುವ ತನಕ ಸ್ಟೇರಿಂಗ್ ಮುಟ್ಟುವಂತಿಲ್ಲ, ಟ್ಯಾಂಕರ್ ತೊಳೆಯುವ ಕೆಲಸಕ್ಕೆ ಹೋಗಬೇಕು, ಅರ್ಧ ಸಂಬಳ ಎಂಬ ಮಾತನ್ನೂ ನರ್ಸ್ ಅದೇ ಉಸಿರಿನಲ್ಲಿ ಹೇಳಿದ್ದಳು.

ಡ್ರೈವರನಿಗೆ ಕೂತಲ್ಲಿ ಕೂರಲಾಗಲಿಲ್ಲ. ರಾತ್ರಿ ಪಾಳಿಯಲ್ಲಿ ಕಣ್ಣು ಮುಚ್ಚದಿರಲೆಂದು ಶುರು ಮಾಡಿದ ಹೊಗೆಸೊಪ್ಪು ಈಗ ಹಗಲಿಗೂ ಬೇಕಾಗಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ನಾಲಿಗೆಯಿಂದ ಕೆನ್ನೆಯ ಒಳಗನ್ನು ತಡವಿ ತಡವಿ ನೋಡಿಕೊಳ್ಳುತ್ತಿದ್ದ. ಅವನ ಅಪ್ಪನೂ ಜೀವಮಾನವಿಡೀ ಸೊಪ್ಪು ಅಗಿದವನೇ. ತನ್ನ ಬಾಯಿಗೆ ಇಷ್ಟು ವರ್ಷದಲ್ಲಿ ಏನೂ ಆಗಿಲ್ಲ, ಹೆದರಬೇಡ ಅಂದ. ಆ ಧೈರ್ಯದಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಮನೆಯಲ್ಲಿ ತೀರ್ಮಾನ ಮಾಡುವವಳು ಅಮ್ಮ. ಬೀದಿ ಬಾಗಿಲಿನಲ್ಲಿ ಮೇಜು ಹಾಕಿಕೊಂಡು ಇಡೀ ಓಣಿಯ ಬಟ್ಟೆಗೆ ಇಸ್ತ್ರಿ ಮಾಡಿ ಈ ಮಗನನ್ನು ಬೆಳೆಸಿದವಳು. ಕೆಟ್ಟವಳಲ್ಲ, ಆದರೆ ತಾನು ಅಂದುಕೊಂಡಿದ್ದೇ ಸರಿ ಎಂಬ ಜಾತಿ. ಬಾಯಿಗೆ ಸೊಪ್ಪು ಸೋಕಿಸದ ತನ್ನ ಉಗುಳನ್ನೇ ಕೊಟ್ಟುಬಿಡುವುದು, ಕೊಳವೆಯ ಮೇಲೆ ಮುಖವೇನು ಬರೆದಿರುತ್ತದೆಯೇ ಅಂದಳು. ಮಗ ಬೇಡ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಕೊಳವೆ ಹಿಡಿದು ಕೂತಳು. ಉಗುಳು ಬಂದರೆ ತಾನೇ? ಕೆಲವು ತಿಂಗಳಿಂದ ಅವಳ ಬಾಯಿ ಸದಾ ಒಣಗಿರುತ್ತಿತ್ತು. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು, ಇಸ್ತ್ರಿಯ ಕಾವಿಗೆ ಹೀಗಾಗುತ್ತದೆ ಎಂದು ಎಲ್ಲರಿಗೂ ಹೇಳುತ್ತಿದ್ದಳು. ಎಷ್ಟು ಕ್ಯಾಕರಿಸಿದರೂ ಗೆರೆಯ ಅರ್ಧಕ್ಕೆ ನಿಂತಿತು. ಅತ್ತ ಮಗ ಬೂಟು ಹಾಕಿಕೊಂಡು ಕಾಯುತ್ತಿದ್ದ.

ಸೊಸೆ ಹೊಸ್ತಿಲ ಬಳಿ ಶಾಲೆಯ ಬಿಳಿ ಅಂಗಿಗಳಿಗೆ ಗುಂಡಿ ಹಾಕುತ್ತ ಕೂತಿದ್ದಳು. ಗುತ್ತಿಗೆದಾರ ಕಟ್ಟುಗಟ್ಟಲೆ ಅಂಗಿ ತಂದು ಹಾಕುತ್ತಿದ್ದ, ಅಂಗಿಗಿಷ್ಟು ಅಂತ ಕೊಡುತ್ತಿದ್ದ. ಕತ್ತರಿ ಎತ್ತಿ ಇಡುವ ಹೊತ್ತಿನಲ್ಲಿ ಇನ್ನೊಂದು ಗುಂಡಿ ಆಗುತ್ತದೆಂದು ಅವಳು ದಾರವನ್ನು ಹಲ್ಲಿನಲ್ಲೇ ಕಡಿಯುತ್ತಿದ್ದಳು. ಹಾಗೆ ಕಡಿದೂ ಕಡಿದೂ ಎಡಗಡೆಯ ಹಲ್ಲೊಂದು ಮುರಿದು, ಅದರ ಚೂಪು ನಾಲಿಗೆಗೆ ತಾಗುತ್ತಿತ್ತು.

"ಬಾರೇ ಇಲ್ಲಿ. ನಿಂದೂ ಒಂದೆರಡು ಹನಿ ಹಾಕು" ಎಂದು ಅತ್ತೆ ಕರೆದಳು.

"ಇಬ್ಬರದ್ದೂ ಸೇರಿಸಿದ್ರೆ ಗೊತ್ತಾಗಲ್ವಾ ಅತ್ತೆ?"

"ಏನು ಗೊತ್ತಾಗುತ್ತೆ? ನಿನ್ನ ಗಂಡನ್ನೇ ಕೇಳು. ನೂರು ಮನೆ ಹಾಲು ಒಂದೇ ಟ್ಯಾಂಕರ್‌ಗೆ ಬಿಡ್ತಾನೆ. ಆಮೇಲೆ ಯಾರು ಬಂದು ಇದು ಯಾರ ಹಸು ಅಂತ ಕೇಳ್ತಾರೆ?"

ಇನ್ನೊಬ್ಬರು ತುಟಿ ಹಚ್ಚಿದ ಲೋಟವನ್ನು ಮೂರು ಸಲ ತೊಳೆಯುವ ಹೆಂಗಸು ಹೇಳಿದ ಮಾತಿದು. ಮಗನಿಗೂ ಅದು ಸರಿ ಅನ್ನಿಸಿತು, ಅವನ ವಿದ್ಯೆಯೂ ಅಷ್ಟೇ. ಸೊಸೆ ಕೊಳವೆ ತೆಗೆದುಕೊಂಡು ಗೋಡೆಯ ಕಡೆ ತಿರುಗಿ ಉಗುಳಿದಳು. ಎರಡು ಹನಿಯಲ್ಲ, ಉಳಿದ ಅರ್ಧವೂ ಅವಳದ್ದೇ ಆಯಿತು. ಕೊಳವೆಯ ಮೇಲೆ ಡ್ರೈವರನ ಹೆಸರು, ಅವನ ನಂಬರು.

ವರದಿ ಬಂದಾಗ ಅದರಲ್ಲಿ ಕೆಂಪು ಬಣ್ಣದಲ್ಲಿ ಎರಡು ಸಾಲುಗಳಿದ್ದವು. ಒಂದು, ಸಕ್ಕರೆ ಕಾಯಿಲೆಯ ಲಕ್ಷಣ. ಇನ್ನೊಂದು, ಬಾಯಿಯಲ್ಲಿ ಕ್ಯಾನ್ಸರಿನ ಸುಳಿವು ಇರಬಹುದು, ಕೂಡಲೇ ದೊಡ್ಡಾಸ್ಪತ್ರೆಯಲ್ಲಿ ತೋರಿಸಬೇಕು. ಡ್ರೈವರನ ಕೈಯಿಂದ ಕೀಲಿ ಕಸಿದುಕೊಂಡು ಪೈಪು ಕೊಟ್ಟರು. ಅವನು ಒದ್ದೆ ಪ್ಯಾಂಟಿನಲ್ಲೇ ಮನೆಗೆ ಬಂದು ವರದಿಯನ್ನು ಅಮ್ಮನ ಇಸ್ತ್ರಿ ಮೇಜಿನ ಮೇಲೆ ಎಸೆದ.

ಅಂದು ಊಟ ತಟ್ಟೆಯಲ್ಲೇ ಉಳಿಯಿತು. ಮಗ ಅಮ್ಮನ ಮೇಲೆ ಕೂಗಾಡಿದ. ನನ್ನ ಉಗುಳು ಕೊಟ್ಟಿದ್ದರೆ ಈ ಗತಿ ಬರುತ್ತಿತ್ತೇ, ಯಾರ ಕಾಯಿಲೆಯನ್ನೋ ನನ್ನ ತಲೆಗೆ ಕಟ್ಟಿದಿರಿ ಅಂದ. ಅಪ್ಪ ಮಾತ್ರ ಕೇಳಬೇಕಾದ ಪ್ರಶ್ನೆ ಕೇಳಿದ: ಕಾಯಿಲೆ ಇಬ್ಬರಲ್ಲಿ ಯಾರದ್ದು?

"ಟ್ಯಾಂಕರ್ ಹಾಲು ಒಡೆದರೂ ಹಿಂಗೇ. ಯಾವ ಕ್ಯಾನಿಂದ ಕೆಟ್ಟಿತು ಅಂತ ಆಮೇಲೆ ಹೇಳಕ್ಕಾಗಲ್ಲ" ಎಂದ ಮಗ. ಈ ಬುದ್ಧಿ ಅವತ್ತು ಬೆಳಿಗ್ಗೆ ಎಲ್ಲಿಗೆ ಹೋಗಿತ್ತೋ.

ಅಮ್ಮ ತಟ್ಟೆ ಸರಿಸಿ ಅಳುವುದಕ್ಕೆ ಶುರು ಮಾಡಿದಳು. ತನ್ನದೇ ಇರಬೇಕು, ವಯಸ್ಸಾದ ದೇಹ, ಹಲ್ಲಿನ ಸೆಟ್ಟಿನ ಕೆಳಗೆ ಒಸಡು ಉರಿಯುತ್ತಲೇ ಇರುತ್ತದೆ, ಇನ್ನು ತನ್ನ ಕತೆ ಮುಗಿಯಿತು ಅಂದಳು. ಮಗನ ಸಿಟ್ಟು ಅಲ್ಲಿಗೇ ಇಳಿಯಿತು. ಅಮ್ಮನ ಭುಜ ಹಿಡಿದು ಕೂತ. ಸೊಸೆ ತಟ್ಟೆಗಳನ್ನು ಎತ್ತಿಕೊಂಡು ಹೋದವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅತ್ತೆ, ನನ್ನ ನಾಲಿಗೆ ಅಂಚಲ್ಲೂ ಒಂದು ಹುಣ್ಣಿದೆ. ತುಂಬ ದಿನ ಆಯ್ತು, ವಾಸಿನೇ ಆಗ್ತಿಲ್ಲ."

"ಹಲ್ಲು ತಾಗಿ ಆಗಿರೋ ಹುಣ್ಣು ಅದು. ನಿಂಗೇನು ವಯಸ್ಸು? ಈಗ ನಿಂದೊಂದು ಸೇರಿಸ್ಬೇಡ ಮಾರಾಯ್ತಿ. ಎರಡು ಹನಿ ಹಾಕಿದ್ದಕ್ಕೆ ಪಾಲು ಕೇಳೋಕೆ ಬಂದ್ಲು."

ಸೊಸೆ ಪಾತ್ರೆ ತೊಳೆಯಲು ಹೋದಳು.

ಯಾರನ್ನು ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗುವುದೆಂದು ಚರ್ಚೆ ಆಗಲೇ ಇಲ್ಲ. ಮೊದಲು ಡ್ರೈವರನ ಕೆಲಸ ಉಳಿಯಬೇಕು. ಅವನು ದೊಡ್ಡಾಸ್ಪತ್ರೆಗೆ ಹೋಗಿ ಡಾಕ್ಟರಮ್ಮನ ಮುಂದೆ ಬಾಯಿ ತೆರೆದ. ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ದು ಬಿಟ್ಟರೆ ಬೇರೇನೂ ಇಲ್ಲ ಅಂದರು. ರಕ್ತದಲ್ಲಿ ಸಕ್ಕರೆಯೂ ಇಲ್ಲ. ಡಾಕ್ಟರಮ್ಮ ವರದಿಯನ್ನೂ ಅವನ ಮುಖವನ್ನೂ ನೋಡಿ, ಈ ಪರೀಕ್ಷೆ ಹೊಸದು, ಒಮ್ಮೊಮ್ಮೆ ತಪ್ಪಾಗುತ್ತದೆ, ಆದರೂ ಎರಡೂ ತಪ್ಪಾಗಿದ್ದು ವಿಚಿತ್ರ, ಕೊಳವೆಯಲ್ಲಿ ಬೇರೇನೂ ಬೆರೆತಿಲ್ಲ ತಾನೇ ಎಂದು ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ. ಸೊಪ್ಪು ಬಿಡು ಎಂದು ಬೈದು ಸರ್ಟಿಫಿಕೇಟ್ ಬರೆದುಕೊಟ್ಟರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಮರುದಿನ ಕೀಲಿ ಮತ್ತೆ ಅವನ ಕೈಗೆ ಬಂತು.

ಅದೇ ವಾರ ಡಿಪೋದಲ್ಲಿ ಇನ್ನೊಬ್ಬ ಡ್ರೈವರ್ ತಮ್ಮನ ಉಗುಳು ತಂದು ಸಿಕ್ಕಿಬಿದ್ದ. ಅವನನ್ನು ಮಧ್ಯಾಹ್ನದೊಳಗೆ ಮನೆಗೆ ಕಳಿಸಿದರು. ಕೆಲಸದ ಜೊತೆಗೆ ಆಸ್ಪತ್ರೆಯ ಕಾರ್ಡನ್ನೂ ಕಿತ್ತುಕೊಂಡರು. ಆ ಕಾರ್ಡಿದ್ದರೆ ಡ್ರೈವರನ ಮನೆಮಂದಿಗೆಲ್ಲ ದೊಡ್ಡಾಸ್ಪತ್ರೆಯಲ್ಲಿ ಚಿಕಿತ್ಸೆ ಬಿಟ್ಟಿ. ಇಲ್ಲದಿದ್ದರೆ ಒಳಗೆ ಕಾಲಿಡುವುದಕ್ಕೂ ಯೋಚಿಸಬೇಕು. ನಮ್ಮ ಡ್ರೈವರ್ ಆ ಸುದ್ದಿ ತಂದ ದಿನ ಮನೆಯಲ್ಲಿ ಎಲ್ಲರಿಗೂ ತಾಕೀತು ಮಾಡಿದ: ಕೊಳವೆಯ ಮಾತು ಈ ನಾಲ್ಕು ಗೋಡೆ ದಾಟಬಾರದು.

ಆಮೇಲೆ ಅಮ್ಮನ ಸರದಿ. ಅವನಿಗೆ ವಾರಕ್ಕೊಂದೇ ರಜೆ, ಆಸ್ಪತ್ರೆಗೆ ಹೋದರೆ ದಿನವೇ ಮುಗಿಯುತ್ತಿತ್ತು. ಒಂದು ರಜೆ ಸಾಲಿನಲ್ಲಿ ನಿಲ್ಲುವುದಕ್ಕೆ, ಒಂದು ರಕ್ತ ಕೊಡುವುದಕ್ಕೆ, ಒಂದು ಹಲ್ಲಿನ ಸೆಟ್ಟು ಸರಿಮಾಡಿಸುವುದಕ್ಕೆ ಹೋಯಿತು. ಅಮ್ಮ ಹಾಸಿಗೆ ಹಿಡಿದವಳಂತೆ ಮಲಗಿಬಿಟ್ಟಳು. ಇಸ್ತ್ರಿ ಮೇಜು ಸೊಸೆಯ ಪಾಲಿಗೆ ಬಂತು. ಬೆಳಿಗ್ಗೆ ಅಡುಗೆ, ಹಗಲೆಲ್ಲ ಇಸ್ತ್ರಿ, ಸಂಜೆ ಗುಂಡಿ. ಅತ್ತೆಗೆ ಗಂಜಿ, ಮಾವನಿಗೆ ಅನ್ನ, ಗಂಡನಿಗೆ ಡಬ್ಬಿ. ಕೊನೆಗೆ ಅವಳು ನಿಂತುಕೊಂಡೇ ಅತ್ತೆಯ ಗಂಜಿಯಲ್ಲಿ ಉಳಿದದ್ದನ್ನು ಕುಡಿಯುತ್ತಿದ್ದಳು. ಅಗಿಯುವುದು ಆಗುತ್ತಿರಲಿಲ್ಲ. ಖಾರ ಸೋಕಿದರೆ ನಾಲಿಗೆಗೆ ಬೆಂಕಿ ಬಿದ್ದ ಹಾಗೆ ಆಗುತ್ತಿತ್ತು. ಸಾರಿನ ರುಚಿ ನೋಡಬೇಕಲ್ಲ, ಅದಕ್ಕೆ ಮೆಣಸಿನಕಾಯಿ ಹಾಕುವುದನ್ನೇ ಬಿಟ್ಟಳು.

ಮಾವ ಒಂದು ದಿನ ತಟ್ಟೆ ಕುಕ್ಕಿದ. ಇದೇನು ಮನೆಯ ಊಟವೋ ಆಸ್ಪತ್ರೆಯ ಊಟವೋ, ಬಾಯಿ ಸತ್ತು ಹೋಗಿದೆ ಎಂದು ರೇಗಿದ. ಒಳಗಿನಿಂದ ಅತ್ತೆ ಸೊಸೆಯ ಪರವಾಗಿ ಕೂಗಿದಳು. ತನ್ನ ಒಸಡಿನ ಉರಿಗೆ ಅಂತ ಆ ಹುಡುಗಿ ಖಾರ ಬಿಟ್ಟಿದ್ದಾಳೆ, ನಿಮಗೆ ಹೆಂಡತಿಗಿಂತ ಮೆಣಸಿನಕಾಯಿ ಹೆಚ್ಚಾಯಿತೇ ಅಂದಳು. ಅತ್ತೆಯ ಬಾಯಿಂದ ಹೊಗಳಿಕೆ ಬರುವುದು ವರ್ಷಕ್ಕೊಮ್ಮೆ. ಸೊಸೆ ಅದನ್ನು ತಿದ್ದಲಿಲ್ಲ.

ಒಂದು ಬೆಳಗಿನ ಜಾವ ಗಂಡ ಪಾಳಿ ಮುಗಿಸಿ ಬಂದಾಗ ಅವಳು ಚಹಾ ಕೊಟ್ಟು ಎದುರಿಗೆ ಕೂತಳು. ಅವರ ಪುಟ್ಟ ಮಗಳು ಇನ್ನೂ ಮಲಗಿದ್ದಳು.

"ರೀ, ನನ್ನ ನಾಲಿಗೆ ಒಂದ್ಸಲ ನೋಡಿ. ಹುಣ್ಣು ಗಟ್ಟಿ ಆಗಿದೆ. ಕಿವಿವರೆಗೂ ಎಳೆಯುತ್ತೆ."

ಅವನು ಬಲ್ಬಿನ ಕೆಳಗೆ ನೋಡಿದ. ಏನೋ ಬೆಳ್ಳಗೆ ಕಂಡಿತು. ಕಂಡಿತು ಎಂಬುದೇ ಮುಖ್ಯ. ಕುರುಡನಾಗಿದ್ದರೆ ಬೇರೆ ಮಾತು.

"ಮುಂದಿನ ರಜೆಗೆ ಅಮ್ಮನ ಸಕ್ಕರೆ ರಿಪೋರ್ಟ್ ಬರುತ್ತೆ. ಅದೊಂದು ಮುಗೀಲಿ. ಅದರ ಮುಂದಿನ ರಜೆ ನಿಂದೇ. ಅಲ್ಲೀವರೆಗೂ ಮೆಡಿಕಲ್ ಸ್ಟೋರಲ್ಲಿ ಮುಲಾಮು ತಗೋ."

"ನಾನೊಬ್ಬಳೇ ಹೋಗಿ ಬರ್ಲಾ?"

"ಇಸ್ತ್ರಿ ಬಟ್ಟೆ ಯಾರು ಕೊಡ್ತಾರೆ? ಅಮ್ಮನ್ನ ಯಾರು ನೋಡ್ಕೋತಾರೆ? ಸ್ವಲ್ಪ ತಡ್ಕೋ."

ಅವಳು ತಡೆದುಕೊಂಡಳು. ತಡೆದುಕೊಳ್ಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಕೆಟ್ಟದ್ದು ಅದೇ. ಮುಲಾಮು ತಂದು ಹಚ್ಚಿದಳು. ಹಚ್ಚಿದಾಗ ಜೋಮು ಹಿಡಿದು ಒಂದು ಗಂಟೆ ಆರಾಮ, ಆಮೇಲೆ ಅದೇ ಪಾಡು.

ಅತ್ತೆಯ ರಿಪೋರ್ಟ್ ಬಂತು. ಸಕ್ಕರೆ ಕಾಯಿಲೆ, ಚೆನ್ನಾಗಿಯೇ ಇದೆ. ಬಾಯಿಯಲ್ಲಿ ಮಾತ್ರ ಏನೂ ಇಲ್ಲ, ಹಲ್ಲಿನ ಸೆಟ್ಟು ಸಡಿಲವಾಗಿ ಒಸಡು ಉಜ್ಜುತ್ತಿತ್ತು ಅಷ್ಟೇ. ಮಾತ್ರೆ ಕೊಟ್ಟರು, ಸಿಹಿ ಬಿಡಿಸಿದರು. ಮನೆಗೆ ಬಂದ ಅತ್ತೆ ಗೆದ್ದವಳ ಹಾಗಿದ್ದಳು. ಎದ್ದು ಇಸ್ತ್ರಿ ಮೇಜಿನ ಮುಂದೆ ನಿಂತಳು. ಕೊಳವೆ ಹೇಳಿದ್ದು ತನ್ನ ಕಾಯಿಲೆಯನ್ನೇ, ಬೇಗ ಗೊತ್ತಾಗಿದ್ದಕ್ಕೆ ಬಚಾವಾದೆ, ಆ ನರ್ಸಿಗೆ ಪುಣ್ಯ ಬರಲಿ ಎಂದು ಓಣಿಯವರಿಗೆ ಹೇಳಲಾಗದೆ ಮನೆಯವರಿಗೇ ಹತ್ತು ಸಲ ಹೇಳಿದಳು. ಇನ್ನೊಂದು ಕೆಂಪು ಸಾಲು ಏನಾಯಿತೆಂದು ಮಾವ ಕೇಳಿದ್ದಕ್ಕೆ, ಅದೂ ಸಕ್ಕರೆಯಿಂದಲೇ ಇರಬೇಕು, ಒಂದು ಬಂದರೆ ಇನ್ನೊಂದನ್ನೂ ಬರೆಯುತ್ತಾರೆ ಅಂದಳು. ಎಲ್ಲರೂ ಒಪ್ಪಿದರು. ಒಪ್ಪುವುದು ಸುಲಭವಾಗಿತ್ತು.

ಸೊಸೆಯ ಪಾಲಿನ ರಜೆ ಬಂತು. ಅಂದು ಇನ್ನೊಬ್ಬ ಡ್ರೈವರನಿಗೆ ಜ್ವರ ಬಂದು ಗಂಡನನ್ನು ಡ್ಯೂಟಿಗೆ ಕರೆದರು. ಅದರ ಮುಂದಿನ ರಜೆಗೆ ಅವನು ಮಲಗಿದವನು ಏಳಲಿಲ್ಲ. ಅವಳೂ ಎಬ್ಬಿಸಲಿಲ್ಲ. ಈ ನಡುವೆ ಅವಳ ಮಾತು ದಪ್ಪವಾಗುತ್ತಿತ್ತು. ಮಗಳು "ಅಮ್ಮ, ಬಾಯಲ್ಲಿ ಏನಿಟ್ಕೊಂಡು ಮಾತಾಡ್ತೀಯಾ?" ಎಂದು ಕೇಳಿ ನಕ್ಕಳು. ಅವಳು ಮಾತು ಕಡಿಮೆ ಮಾಡಿದಳು. ಮೊದಲೇ ಮಾತು ಕಡಿಮೆ ಇದ್ದವಳು, ಹಾಗಾಗಿ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ಗೊತ್ತಾಗಿದ್ದು ಗುತ್ತಿಗೆದಾರನಿಂದ. ಅವನು ಒಂದು ಕಟ್ಟು ಅಂಗಿಯನ್ನು ವಾಪಸ್ ತಂದು ಬಾಗಿಲಲ್ಲಿ ಹಾಕಿ, ಬಿಳಿ ಬಟ್ಟೆಯ ಮೇಲೆ ರಕ್ತದ ಕಲೆ ಇದ್ದರೆ ಶಾಲೆಯವರು ತೆಗೆದುಕೊಳ್ಳುತ್ತಾರೆಯೇ ಎಂದು ಕೂಗಾಡಿ ಹೋದ. ಅತ್ತೆ ಒಂದೊಂದೇ ಅಂಗಿ ಬಿಡಿಸಿ ನೋಡಿದಳು. ಪ್ರತಿ ಗುಂಡಿಯ ಪಕ್ಕದಲ್ಲೂ, ದಾರ ಕಡಿದ ಜಾಗದಲ್ಲಿ, ಕಂದು ಚುಕ್ಕೆ. ಬೈಯುವುದಕ್ಕೆಂದೇ ಸೊಸೆಯ ಗಲ್ಲ ಹಿಡಿದು ಬಾಯಿ ತೆರೆಸಿದಳು. ನಾಲಿಗೆಯ ಎಡಭಾಗ ಕೊಳೆತ ಹಣ್ಣಿನ ಹಾಗಿತ್ತು.

ಅತ್ತೆ ಅಲ್ಲೇ ಅಂಗಿಗಳ ಮೇಲೆ ಕೂತಳು.

"ಯಾಕೇ ಹೇಳ್ಲಿಲ್ಲ?" ಎಂದಳು.

ಸೊಸೆ ಅತ್ತೆಯ ಮುಖವನ್ನೇ ನೋಡಿದಳು. ಅತ್ತೆ ಮುಖ ಬೇರೆ ಕಡೆ ಮಾಡಿದಳು. ಆಮೇಲೆ ಎದ್ದು ಇಸ್ತ್ರಿ ಪೆಟ್ಟಿಗೆ ಆರಿಸಿ, ಮಲಗಿದ್ದ ಮಗನನ್ನು ಹೊಡೆದೇ ಎಬ್ಬಿಸಿದಳು. ಆ ದಿನ ರಜೆ ಇರಲಿಲ್ಲ, ಆದರೂ ಆಸ್ಪತ್ರೆಗೆ ಹೋಗುವುದಕ್ಕಾಯಿತು.

ಹುಣ್ಣಿನ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು, ಕುತ್ತಿಗೆ ಸ್ಕ್ಯಾನ್ ಮಾಡಿದರು, ಕ್ಯಾನ್ಸರೇ ಅಂದರು. ಆಪರೇಷನ್‌ಗೆ ದಾಖಲು ಮಾಡುವ ದಿನ ಬಸ್ಸಿನಲ್ಲಿ ಮಗ ಅಮ್ಮನಿಗೆ ಮೆಲ್ಲಗೆ ಹೇಳಿದ. ನೋಡುವವರು ಅದೇ ಡಾಕ್ಟರಮ್ಮ. ತನಗೆ ಸರ್ಟಿಫಿಕೇಟ್ ಕೊಟ್ಟವರು. ಕೊಳವೆಯ ವಿಷಯ ಗೊತ್ತಾದರೆ ಕಂಪನಿಗೆ ಬರೆಯುತ್ತಾರೆ, ಕೆಲಸ ಹೋಗುತ್ತದೆ, ಕಾರ್ಡು ಹೋಗುತ್ತದೆ, ಕಾರ್ಡು ಹೋದರೆ ಈ ಆಪರೇಷನ್ನೇ ಇಲ್ಲ. ಅಮ್ಮ ಹೂಂ ಅಂದಳು. ಹೆಂಡತಿ ಅವರಿಬ್ಬರ ಮುಂದಿನ ಸೀಟಿನಲ್ಲಿ ಬಾಯಿಗೆ ಕರ್ಚೀಫು ಹಿಡಿದು ಕೂತಿದ್ದಳು. ಅವಳಿಗೂ ಕೇಳಿಸಿತು.

ವಾರ್ಡಿನಲ್ಲಿ ಡಾಕ್ಟರಮ್ಮ ಮಂಚದ ಪಕ್ಕ ನಿಂತು ಟಾರ್ಚು ಬಿಟ್ಟು ನೋಡಿದರು. ನಾಳೆ ಬೆಳಿಗ್ಗೆ ಅರ್ಧ ನಾಲಿಗೆ ತೆಗೆಯಬೇಕು, ಕುತ್ತಿಗೆಯ ಗಂಟುಗಳನ್ನೂ ತೆಗೆಯಬೇಕು, ಆಮೇಲೂ ಏನೂ ಹೇಳುವ ಹಾಗಿಲ್ಲ ಅಂದರು. ಮಾತು ಈಗಿನಷ್ಟೂ ಬರುವುದಿಲ್ಲ ಅಂದರು. ಆಮೇಲೆ ಅವರಿಗೂ ತಡೆಯಲಾಗಲಿಲ್ಲ.

"ಎರಡು ಮೂರು ತಿಂಗಳ ಹಿಂದೆ ಬಂದಿದ್ರೆ ಅಂಚಲ್ಲಿ ಇಷ್ಟೇ ಇಷ್ಟು ಕೊಯ್ದು ಮನೆಗೆ ಕಳಿಸ್ತಿದ್ದೆ ಕಣಮ್ಮ. ಇಷ್ಟು ದಿನ ಏನು ಮಾಡ್ತಿದ್ದೆ? ನಿನ್ನ ಗಂಡನ ಕಂಪನೀಲಿ ಉಗುಳಿನ ಪರೀಕ್ಷೆ ಇದೆ. ಅವನಿಗೆ ಏನೂ ಇಲ್ದೇನೇ ಓಡಿ ಬಂದ. ಇಷ್ಟು ದೊಡ್ಡ ಹುಣ್ಣು ಇಟ್ಕೊಂಡು ನೀನು ಮನೇಲಿ ಕೂತಿದ್ದೀಯಲ್ಲ?"

ಮಂಚದ ಕಾಲಿನ ಬಳಿ ನಿಂತಿದ್ದ ಡ್ರೈವರ್ ನೆಲ ನೋಡಿದ. ಅತ್ತೆ ಸೊಸೆಯ ಹೊದಿಕೆ ಸರಿಮಾಡುತ್ತ, ತಲೆ ಎತ್ತದೆ ಹೇಳಿದಳು:

"ಇವಳು ಬಾಯಿಬಿಟ್ಟು ಒಂದು ಮಾತು ಹೇಳ್ಲಿಲ್ಲ ಡಾಕ್ಟ್ರೇ. ಹೇಳಿದ್ರೆ ತಾನೇ ನಮಗೆ ಗೊತ್ತಾಗೋದು?"

ಸೊಸೆ ಕರ್ಚೀಫು ತೆಗೆದಳು. ದಿಂಬಿಗೆ ಕೈಯೂರಿ ಎದ್ದು ಕೂತಳು. ಹೇಳುವುದಕ್ಕೆ ಅವಳಿಗೆ ಉಳಿದಿದ್ದು ಆ ಒಂದು ಸಂಜೆ. ಡಾಕ್ಟರಮ್ಮನ ಮುಖವನ್ನೇ ನೋಡುತ್ತ, ಊದಿದ ನಾಲಿಗೆಯನ್ನು ಹೊರಳಿಸಿ ಹೊರಳಿಸಿ ಹೇಳತೊಡಗಿದಳು. ಶಬ್ದಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿ ಹೊರಬಂದವು. ತುಟಿಯ ಅಂಚಿನಿಂದ ಜೊಲ್ಲು ಇಳಿಯಿತು, ಒರೆಸಿಕೊಳ್ಳದೆ ಮತ್ತೊಮ್ಮೆ ಮೊದಲಿನಿಂದ ಹೇಳಿದಳು. ಡಾಕ್ಟರಮ್ಮ ಬಗ್ಗಿ ಕಿವಿಗೊಟ್ಟರು. ಅರ್ಥವಾಗಲಿಲ್ಲ.

ಗಂಡನಿಗೆ ಒಂದಕ್ಷರ ಬಿಡದೆ ಅರ್ಥವಾಯಿತು. ಅವಳು ಅಂದಿದ್ದು: "ಹೇಳಿದ್ದೆ. ಇವರಿಬ್ಬರಿಗೂ ಹೇಳಿದ್ದೆ. ಆ ಕೊಳವೇಲಿ ಇದ್ದಿದ್ದು ನನ್ನ ಉಗುಳು."

ಡಾಕ್ಟರಮ್ಮ ಅವನ ಕಡೆ ತಿರುಗಿದರು.

"ಏನಂತಿದ್ದಾಳೆ?"

ಅವನು ಅಮ್ಮನನ್ನು ನೋಡಿದ. ಅಮ್ಮ ಹೊದಿಕೆಯ ಅಂಚನ್ನು ಮಡಿಸುತ್ತಲೇ ಇದ್ದಳು. ಹೆಂಡತಿ ಡಾಕ್ಟರಮ್ಮನನ್ನು ಬಿಟ್ಟು ಈಗ ಅವನನ್ನೇ ನೋಡುತ್ತಿದ್ದಳು.

"ನೋವು ಜಾಸ್ತಿ ಅಂತಿದ್ದಾಳೆ ಮೇಡಂ" ಎಂದ.

ಡಾಕ್ಟರಮ್ಮ ಪಾಪ ಅಂದು, ಚೀಟಿಯಲ್ಲಿ ಇನ್ನೊಂದು ಮಾತ್ರೆ ಬರೆದರು.